ಗಿಳಿಗೆ ರಾತ್ರಿಗೆಂದೇ ಬೇರೆ ಪಂಜರ

ಸಂಜೆಯಾದರೆ ಗಿಳಿ ಕಿರುಚುತ್ತದೆ, ಕೈ ಕೊಟ್ಟರೆ ಕಚ್ಚುತ್ತದೆ, ಎದೆಯ ಪುಕ್ಕ ಕಿತ್ತುಕೊಳ್ಳುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಅದು ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು. ಹೆಚ್ಚಿನ ಮನೆಗಳಲ್ಲಿ ಪಂಜರ ಇರುವುದು ಹಾಲ್‌ನಲ್ಲಿ, ಟಿವಿ ಪಕ್ಕದಲ್ಲಿ. ದೀಪ ಆರುವುದು ರಾತ್ರಿ ಹನ್ನೊಂದಕ್ಕೆ, ಮನೆ ಏಳುವುದು ಬೆಳಗ್ಗೆ ಐದೂವರೆಗೆ. ಗಿಳಿಗೆ ಸಿಕ್ಕಿದ್ದು ಆರೂವರೆ ಗಂಟೆ. ಬೇಕಾದದ್ದು 10ರಿಂದ 12 ಗಂಟೆ. ಪಂಜರದ ಮೇಲೆ ಬಟ್ಟೆ ಹೊದಿಸಿದರೆ ಬೆಳಕು ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಬಟ್ಟೆಯೊಳಗೆ ಕೂತು ಧಾರಾವಾಹಿಯ ಮಾತು ಕೇಳಿಸಿಕೊಳ್ಳುವ ಹಕ್ಕಿ ಮಲಗಿರುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ.

ಅದಕ್ಕೆ ನಾನು ಹಗಲಿನ ದೊಡ್ಡ ಪಂಜರವನ್ನು ಹಾಲ್‌ನಲ್ಲೇ ಬಿಟ್ಟು, ಮಲಗುವುದಕ್ಕೆಂದೇ ಚಿಕ್ಕ ಪಂಜರಗಳನ್ನು ಒಳಕೋಣೆಯಲ್ಲಿ ಇಟ್ಟಿದ್ದೇನೆ. ಇರುವುದು ಒಂದು ಜೋಡಿ ಕಾಕಟೀಲ್ (ತಲೆಯಲ್ಲಿ ಜುಟ್ಟಿರುವ ಆಸ್ಟ್ರೇಲಿಯಾದ ಚಿಕ್ಕ ಗಿಳಿ), ಒಂದು ಗ್ರೀನ್ ಚೀಕ್ ಕೊನ್ಯೂರ್ (ದಕ್ಷಿಣ ಅಮೆರಿಕದ ಚಿಕ್ಕ ಹಸಿರು ಗಿಳಿ). ಕಾಕಟೀಲ್‌ಗಳಿಗೆ ಒಂದು ಪಂಜರ, ಕೊನ್ಯೂರ್‌ಗೆ ಇನ್ನೊಂದು. ಹಗಲು ಚೆನ್ನಾಗಿಯೇ ಇದ್ದರೂ ಕತ್ತಲಲ್ಲಿ ಬೆದರಿದ ಕೊನ್ಯೂರ್ ಪಕ್ಕದ ಹಕ್ಕಿಯ ಬೆರಳು ಕಚ್ಚಬಹುದು, ಅವೆರಡನ್ನು ಒಟ್ಟಿಗೆ ಮಲಗಿಸಬೇಡಿ. (ನಮ್ಮ ಊರಿನ ಕೆಂಪು ಕೊರಳಪಟ್ಟಿಯ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೊನ್ಯೂರ್ ಇದ್ದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.)

ಪಂಜರದ ಅಳತೆ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಕಂಬಿಗಳ ಸಂದು ಅರ್ಧ ಇಂಚು ಮೀರಬಾರದು, ಮೀರಿದರೆ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತವೆ. ಪೌಡರ್ ಕೋಟಿಂಗ್ ಇದ್ದದ್ದೇ ಒಳ್ಳೆಯದು. ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯಲ್ಲಿ ಮಾಡಿಸಿದ್ದರೆ ವಿನೆಗರ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿ. ಮೇಲೆ ಉದುರುವಂತಿರುವ ಸತುವಿನ ಪುಡಿ ಹೊಟ್ಟೆಗೆ ಹೋದರೆ ಹಕ್ಕಿಗೆ ವಿಷ. ಒಳಗೆ ಒಂದೇ ಕೋಲು, ಒಂದು ಚಿಕ್ಕ ಸ್ಟೀಲ್ ಬಟ್ಟಲಿನಲ್ಲಿ ನೀರು. ಗಂಟೆ, ಉಯ್ಯಾಲೆ, ಕನ್ನಡಿ ಯಾವುದೂ ಬೇಡ. ಕತ್ತಲಲ್ಲಿ ರೆಕ್ಕೆ ಬಡಿದಾಗ ಏಟಾಗುವುದು ಇವಕ್ಕೇ ತಗುಲಿ.

ಕೋಲಿನ ವಿಷಯದಲ್ಲಿ ನಿಧಾನಿಸಬೇಕು. ಗಿಳಿ ಮಲಗುವುದು ನಿಂತುಕೊಂಡೇ. ಕಾಲು ಮಡಿಸಿ ಕುಕ್ಕರಿಸಿದಾಗ ಕಾಲಿನ ಹಿಂಬದಿಯ ಸ್ನಾಯುದಾರ ಎಳೆದುಕೊಂಡು ಬೆರಳುಗಳು ತಾವಾಗಿಯೇ ಕೋಲನ್ನು ಬಿಗಿಯುತ್ತವೆ, ಹಾಗಾಗಿ ನಿದ್ದೆಯಲ್ಲಿ ಬೀಳುವುದಿಲ್ಲ. ಆದರೆ ಇಡೀ ರಾತ್ರಿಯ ಭಾರ ಪಾದದ ಒಂದೇ ಜಾಗದ ಮೇಲೆ ಬೀಳುತ್ತದೆ. ಅಂಗಡಿಯ ಪಂಜರದೊಡನೆ ಬರುವ ನುಣುಪಾದ ಪ್ಲಾಸ್ಟಿಕ್ ಕೋಲಿನಲ್ಲಿ ತಿಂಗಳುಗಟ್ಟಲೆ ಮಲಗಿದ ಹಕ್ಕಿಯ ಅಂಗಾಲು ಕೆಂಪಾಗಿ, ಚರ್ಮ ತೆಳುವಾಗಿ, ಕೊನೆಗೆ ಹುಣ್ಣಾಗುತ್ತದೆ. ಉಗುರು ಸವೆಯಲಿ ಎಂದು ಮಾರುವ ಮರಳುಕಾಗದದ ಹೊದಿಕೆ ಇನ್ನೂ ಕೆಟ್ಟದ್ದು.

ನಾನು ಹಾಕುವುದು ಸೀಬೆ ಕೊಂಬೆ. ಬೇವು, ಹಿಪ್ಪುನೇರಳೆ ಕೂಡ ಆಗುತ್ತದೆ. ಕಣಗಿಲೆ ಬೇಡವೇ ಬೇಡ, ಅದು ವಿಷ. ಔಷಧಿ ಹೊಡೆಯದ ಗಿಡದಿಂದ, ಒಂದು ತುದಿಯಲ್ಲಿ 15 ಮಿ.ಮೀ., ಇನ್ನೊಂದರಲ್ಲಿ 20 ಮಿ.ಮೀ. ದಪ್ಪ ಇರುವಂಥ ಕೊಂಬೆ ಕತ್ತರಿಸಿ, ಬ್ರಷ್ ಹಾಕಿ ತೊಳೆದು, ನಾಲ್ಕೈದು ದಿನ ಬಿಸಿಲಿಗಿಡಿ. ತೊಗಟೆ ಹೆರೆಯಬೇಡಿ, ಹಿಡಿತ ಸಿಗುವುದೇ ಅದರಿಂದ. ಬೆರಳು ಕೋಲನ್ನು ಮುಕ್ಕಾಲು ಪಾಲು ಸುತ್ತಬೇಕು. ಮುಂದಿನ ಉಗುರು, ಹಿಂದಿನ ಉಗುರು ಒಂದನ್ನೊಂದು ಮುಟ್ಟಿದರೆ ಕೋಲು ಸಣ್ಣದಾಯಿತು. ಎರಡೂ ತುದಿಗೆ ಬೋಲ್ಟ್, ವಾಷರ್, ವಿಂಗ್ ನಟ್ ಹಾಕಿ ಕಂಬಿಗೆ ಬಿಗಿಯಿರಿ. ಒಂದು ತುದಿಗೆ ಮಾತ್ರ ಬಿಗಿದ ಕೋಲು ಹಕ್ಕಿ ಮಗ್ಗುಲು ಬದಲಿಸಿದಾಗಲೆಲ್ಲ ಅಲುಗುತ್ತದೆ, ಅಲುಗಿದ ಕೋಲಿನ ಮೇಲೆ ಅದು ಪೂರ್ತಿ ಮಲಗುವುದೇ ಇಲ್ಲ.

ಕೆಳಗಿನ ಜಾಲರಿಯಿಂದ 14 ಇಂಚು ಮೇಲೆ ಕೋಲು ಬಂದರೆ ತಲೆಯ ಜುಟ್ಟಿಗೆ 10 ಇಂಚು ಉಳಿಯುತ್ತದೆ. ಹಿಂಬದಿಗೆ ಸರಿಸದೆ ಪಂಜರದ ನಟ್ಟನಡುವೆ ಕಟ್ಟಿ, ಇಲ್ಲವಾದರೆ ಬಾಲದ ತುದಿ ಕಂಬಿಗೆ ಉಜ್ಜಿ ಸೀಳುತ್ತದೆ.

ಮೆತ್ತನೆಯ ಬಟ್ಟೆ ಗೂಡುಗಳನ್ನು ಅಂಗಡಿಯಲ್ಲಿ ನೋಡಿ ಆಸೆಪಡುವವರು ಬಹಳ. ದಯವಿಟ್ಟು ಕೊಳ್ಳಬೇಡಿ. ಗಿಳಿ ಅದರ ಎಳೆ ಕೀಳುತ್ತದೆ, ನುಂಗಿದ ಎಳೆ ಗಂಟಲಚೀಲದಲ್ಲಿ ಉಂಡೆಕಟ್ಟುತ್ತದೆ. ಬಿಟ್ಟುಹೋದ ದಾರ ಕಾಲಿಗೋ ಕತ್ತಿಗೋ ಸುತ್ತಿಕೊಳ್ಳುತ್ತದೆ. ಜೊತೆಗೆ ಹೆಣ್ಣು ಹಕ್ಕಿ ಅದನ್ನು ಗೂಡೆಂದೇ ತಿಳಿದು ಮೇಲಿಂದ ಮೇಲೆ ಮೊಟ್ಟೆಯಿಟ್ಟು ಮೈಯ ಸುಣ್ಣದಂಶ ಕಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯಾಗಲಿ ಮರದ ಪೆಟ್ಟಿಗೆಯಾಗಲಿ ಮರಿ ಮಾಡಿಸುವವರಿಗೆ, ಮಲಗಿಸುವವರಿಗಲ್ಲ.

ಹೊದಿಕೆಗೆ 44 ಇಂಚು ಅಗಲದ ಗಾಢ ಬಣ್ಣದ ಕಾಟನ್ ಬಟ್ಟೆ ಎರಡು ಮೀಟರ್ ಸಾಕು. 20 ಇಂಚು ಅಗಲ, 66 ಇಂಚು ಉದ್ದದ ಒಂದು ಪಟ್ಟಿ ಮುಂಭಾಗದಿಂದ ನೆತ್ತಿ ದಾಟಿ ಹಿಂಭಾಗಕ್ಕೆ ಇಳಿಯುತ್ತದೆ. 20 ಇಂಚು ಅಗಲ, 24 ಇಂಚು ಉದ್ದದ ಎರಡು ತುಂಡು ಪಕ್ಕಗಳಿಗೆ. ಅಂಚನ್ನು ಎರಡು ಸಲ ಮಡಿಸಿ ಹೊಲಿಸಿ, ಒಂದು ದಾರವೂ ಹೊರಗೆ ಇಣುಕಬಾರದು. ಮುಂಭಾಗವನ್ನು ಹೊಲಿಯದೆ ಹಾಗೇ ಬಿಟ್ಟು, ಕೆಳಗೆ ನಾಲ್ಕು ಇಂಚು ತೆರೆದಿರುವಂತೆ ಮೇಲಕ್ಕೆ ಮಡಚಿ ಬಟ್ಟೆ ಕ್ಲಿಪ್ ಹಾಕುತ್ತೇನೆ. ಗಾಳಿಗೆ ದಾರಿ ಅದೇ. ಪೂರ್ತಿ ಮುಚ್ಚಿದರೆ ಏಪ್ರಿಲ್ ರಾತ್ರಿ ಒಳಗೆ ಉಸಿರುಗಟ್ಟುತ್ತದೆ. ಹಕ್ಕಿ ರೆಕ್ಕೆ ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಬಟ್ಟೆ ತೆಗೆದುಬಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಕೋಣೆ ಕತ್ತಲಿದ್ದರೆ ಹೊದಿಕೆಯೇ ಬೇಡ. ಬೆಂಗಳೂರಿನ ಡಿಸೆಂಬರ್ ಚಳಿಯನ್ನು ಆರೋಗ್ಯವಂತ, ಪೂರ್ತಿ ಬೆಳೆದ ಹಕ್ಕಿ ತಡೆಯುತ್ತದೆ, ಕಿಟಕಿಯ ಸಂದಿನಿಂದ ನೇರ ಬೀಸುವ ಗಾಳಿಯನ್ನು ತಡೆಯುವುದಿಲ್ಲ.

ಸೊಳ್ಳೆಯದು ನಮ್ಮ ಕಡೆ ದೊಡ್ಡ ತಲೆನೋವು. ಕಾಯಿಲ್, ಪ್ಲಗ್‌ಗೆ ಹಾಕುವ ಲಿಕ್ವಿಡ್, ಸಾಂಬ್ರಾಣಿ, ಊದುಬತ್ತಿ ಯಾವುದೂ ಆ ಕೋಣೆಗೆ ಬರಬಾರದು. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಸೇರಿಕೊಂಡಿರುವುದರಿಂದ ನಮಗೆ ಬರೀ ವಾಸನೆಯಾದದ್ದು ಅದಕ್ಕೆ ಹೊಗೆಯಷ್ಟೇ ಭಾರ. ಹಾಗೆಂದು ಸೊಳ್ಳೆಯನ್ನು ಬಿಡುವಂತಿಲ್ಲ, ಹಕ್ಕಿ ಸಿಡುಬು ಹರಡುವುದು ಅದರಿಂದ. ಕಿಟಕಿಗೆ ಜಾಲರಿ ಹೊಡೆಸಿ, ಪಂಜರದ ಸುತ್ತ ಆರು ಇಂಚು ದೂರ ಬಿಟ್ಟು ಸೊಳ್ಳೆಪರದೆ ಕಟ್ಟಿ. ಹತ್ತಿರ ಕಟ್ಟಿದರೆ ಬೆಳಗಾಗುವುದರೊಳಗೆ ಹಕ್ಕಿಗಳು ಕಡಿದು ತೂತು ಮಾಡಿರುತ್ತವೆ. ಅಡುಗೆಮನೆಯ ಪಕ್ಕದ ಕೋಣೆಯೂ ಬೇಡ: ನಾನ್‌ಸ್ಟಿಕ್ ಪಾತ್ರೆ ಸೀದರೆ ಬರುವ ಆವಿ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಬಾಲ್ಕನಿಯಲ್ಲಿ ಬೆಕ್ಕು, ಹೆಗ್ಗಣದ ಕಾಟ. ಕಾಳನ್ನು ರಾತ್ರಿ ಒಳಗಿಡಬೇಡಿ, ಇಲಿ ಜಿರಲೆ ಬರುವುದು ಅದಕ್ಕೇ. ಇರುವೆಗೆ ಸ್ಟ್ಯಾಂಡಿನ ಕಾಲಡಿ ನೀರಿನ ಬಟ್ಟಲು.

ಹೊಸ ಪಂಜರಕ್ಕೆ ಹಕ್ಕಿಗಳು ಒಂದೇ ದಿನಕ್ಕೆ ಹೊಂದುವುದಿಲ್ಲ. ಮೊದಲ ಮೂರು ದಿನ ಅದನ್ನು ಹಾಲ್‌ನಲ್ಲೇ ಬಾಗಿಲು ತೆರೆದಿಟ್ಟು ಒಳಗೊಂದು ನವಣೆ ತೆನೆ ಕಟ್ಟಿ, ಅವಾಗಿಯೇ ಹೋಗಲಿ. ಆಮೇಲೆ ಮೂರು ದಿನ ಒಳಕೋಣೆಗೆ ಒಯ್ದು ಹತ್ತು ನಿಮಿಷ ಬಾಗಿಲು ಹಾಕಿ, ಪಕ್ಕದಲ್ಲೇ ಕೂತಿರಿ. ಏಳನೆಯ ದಿನದಿಂದ ರಾತ್ರಿ ಪೂರ್ತಿ. ನಮ್ಮಲ್ಲಿ ಏಳಕ್ಕೆ ಟ್ಯೂಬ್‌ಲೈಟ್ ಆರಿಸಿ ಮಂದ ದೀಪ, ಏಳೂವರೆಗೆ ‘ಮಲಗೋಣ ಬಾ’ ಎಂದು ಕೈ ಚಾಚುವುದು, ಹೊದಿಕೆ. ಮಾತು, ಹೊತ್ತು ಎರಡೂ ಬದಲಾಗಬಾರದು. ಸ್ವಲ್ಪ ಹೊತ್ತಿಗೆ ಒಳಗಿಂದ ಕೊಕ್ಕು ಅರೆಯುವ ಕಿರಕಿರ ಸದ್ದು ಕೇಳಿಸುತ್ತದೆ. ಒಂದು ಕಾಲು ಪುಕ್ಕದೊಳಗೆ ಎಳೆದುಕೊಂಡು, ತಲೆ ಹಿಂದಕ್ಕೆ ಹೊರಳಿಸಿ ಬೆನ್ನಿನಲ್ಲಿ ಹುದುಗಿಸಿದರೆ ನೆಮ್ಮದಿಯಾಗಿದೆ ಎಂದರ್ಥ.

ಕಾಕಟೀಲ್‌ಗಳಿಗೆ ರಾತ್ರಿ ಬೆಚ್ಚಿಬೀಳುವ ಸ್ವಭಾವ ಹೆಚ್ಚು. ಗೋಡೆಯ ಹಲ್ಲಿ, ಯುಪಿಎಸ್‌ನ ಬೀಪ್, ದೀಪಾವಳಿಯ ಪಟಾಕಿ ಸಾಕು, ಕತ್ತಲಲ್ಲಿ ಕಂಬಿಗೆ ಬಡಿದುಕೊಳ್ಳುತ್ತವೆ. ಅವುಗಳ ಕೋಣೆಯಲ್ಲಿ ಅರ್ಧ ವ್ಯಾಟ್‌ನ ಎಲ್‌ಇಡಿ ದೀಪ ಆರಡಿ ದೂರದಲ್ಲಿ, ಗೋಡೆಗೆ ಮುಖ ಮಾಡಿ ಉರಿಯುತ್ತಿರುತ್ತದೆ. ಕೋಲು ಎಲ್ಲಿದೆ ಎಂದು ಕಂಡರೆ ಸಾಕು. ಅದು ಇನ್ವರ್ಟರ್ ಲೈನಿನಲ್ಲೇ ಇರಲಿ. ಬಡಿದಾಟ ಕೇಳಿಸಿದರೆ ದೊಡ್ಡ ದೀಪ ಹಾಕಬೇಡಿ, ಕೈಯನ್ನೂ ಒಳಗೆ ಹಾಕಬೇಡಿ. ಮೊಬೈಲ್ ಟಾರ್ಚನ್ನು ಗೋಡೆಗೆ ಹಿಡಿದು, ಮೆಲ್ಲಗೆ ಮಾತಾಡುತ್ತ ಹೊದಿಕೆ ಸರಿಸಿ. ಹಕ್ಕಿ ಕೋಲಿಗೆ ಮರಳಿದ ಮೇಲೆ ರೆಕ್ಕೆಯಡಿ ನೋಡಿ. ಬೆಳೆಯುತ್ತಿರುವ ಪುಕ್ಕ ಮುರಿದಿದ್ದರೆ ಅದರ ಟೊಳ್ಳು ಬುಡದಿಂದ ರಕ್ತ ತೊಟ್ಟಿಕ್ಕುತ್ತಿರುತ್ತದೆ. ಹಕ್ಕಿಯನ್ನು ಟವೆಲ್‌ನಲ್ಲಿ ಹಿಡಿದು, ಮುರಿದ ತುದಿಗೆ ಕಾರ್ನ್‌ಫ್ಲೋರ್ ಒತ್ತಿ ಎರಡು ಮೂರು ನಿಮಿಷ ಬಿಡದೆ ಹಿಡಿಯಿರಿ. ನಿಲ್ಲದಿದ್ದರೆ ಬೆಳಗಿನವರೆಗೆ ಕಾಯದೆ ಪಶುವೈದ್ಯರಲ್ಲಿಗೆ. ಪುಕ್ಕವನ್ನು ನೀವೇ ಕೀಳಬೇಡಿ.

ಬೆಳಗ್ಗೆ ಆರೂವರೆಗೆ ಮೊದಲು ಕಿಟಕಿಯ ಪರದೆ ಸರಿಸಿ, ಐದು ನಿಮಿಷದ ಮೇಲೆ ಹೊದಿಕೆ ತೆಗೆಯುತ್ತೇನೆ. ತಟ್ಟೆಗೆ ಹಾಸಿದ ಬಿಳಿ ಕಾಗದದ ಮೇಲೆ ರಾತ್ರಿಯ ಹಿಕ್ಕೆಗಳು ಕೋಲಿನ ಕೆಳಗೆ ಒಂದೇ ಕಡೆ ಬಿದ್ದಿದ್ದರೆ ಹಕ್ಕಿ ಕದಲದೆ ಮಲಗಿದೆ. ಚೆಲ್ಲಾಪಿಲ್ಲಿಯಾಗಿದ್ದು ಎರಡು ಪುಕ್ಕವೂ ಬಿದ್ದಿದ್ದರೆ ರಾತ್ರಿ ಏನೋ ಬೆದರಿಸಿದೆ ಎಂದು ಹುಡುಕಬೇಕು. ಎದ್ದೊಡನೆ ಹಾಕುವ ಮೊದಲ ಹಿಕ್ಕೆ ದೊಡ್ಡದು, ಅದಾದ ಮೇಲೆ, ಕಾಳು ಕೊಡುವ ಮೊದಲು ಗ್ರಾಂ ತಕ್ಕಡಿಯಲ್ಲಿ ತೂಗುತ್ತೇನೆ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ ಇರುತ್ತದೆ. ತನ್ನ ಮಾಮೂಲಿ ತೂಕದಿಂದ ಹತ್ತನೇ ಒಂದು ಪಾಲು ಇಳಿದಿದ್ದರೆ, ಅಥವಾ ಹಗಲಲ್ಲೂ ಮೈ ಉಬ್ಬಿಸಿ ಎರಡೂ ಕಾಲೂರಿ ತೂಕಡಿಸುತ್ತಿದ್ದರೆ, ಅದು ನಿದ್ದೆಯ ಕೊರತೆಯಲ್ಲ, ಕಾಯಿಲೆ. ಅವತ್ತೇ ವೈದ್ಯರಿಗೆ ತೋರಿಸಿ.