ಅಲಾಸ್ಕಾ ಕ್ರೂಸ್‌ನಲ್ಲಿ ಹಿಂದಿನ ಬಾಲ್ಕನಿ ಹಿಡಿದಾಗ: ನನ್ನ ಅನುಭವ

ಅಲಾಸ್ಕಾ ಕ್ರೂಸ್ ಬುಕ್ ಮಾಡುವವರು ಮೊದಲು ಕೇಳೋದು ಒಂದೇ ಪ್ರಶ್ನೆ. ಬಾಲ್ಕನಿ ಎಡಗಡೆ ತಗೊಳ್ಳೋದಾ, ಬಲಗಡೆ ತಗೊಳ್ಳೋದಾ? ಸಿಯಾಟಲ್‌ನಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲಿ ಬೇಸಿಗೆ ಬಂತು ಅಂದ್ರೆ ಇದೇ ಚರ್ಚೆ. ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ, ಹಡಗು ನಮ್ಮೂರಿಂದಲೇ ಹೊರಡುತ್ತದೆ, ವಿಮಾನದ ಗೊಡವೆ ಇಲ್ಲ. ನಾನು ಎಡವೂ ಬೇಡ ಬಲವೂ ಬೇಡ ಅಂತ ಹಿಂದಿನದನ್ನು ಹಿಡಿದೆ. ಹಡಗಿನ ಬೆನ್ನಿನ ಕಡೆ ಸಾಲಾಗಿ ಕೆಲವು ಕ್ಯಾಬಿನ್ ಇರುತ್ತವೆ. ಆಫ್ಟ್ ಬಾಲ್ಕನಿ ಅಂತಾರೆ. ಒಂದು ಡೆಕ್‌ನಲ್ಲಿ (ಅಂದ್ರೆ ಹಡಗಿನ ಒಂದು ಮಹಡಿಯಲ್ಲಿ) ಬೆರಳೆಣಿಕೆಯಷ್ಟೇ ಇರುವುದರಿಂದ ಬೇಗ ಖಾಲಿಯಾಗುತ್ತವೆ. ಪಕ್ಕದ ಬಾಲ್ಕನಿಗಿಂತ ರೇಟೂ ಸ್ವಲ್ಪ ಜಾಸ್ತಿ.

ನೋಟಕ್ಕಿಂತ ಮುಂಚೆ ನಾನು ಯೋಚನೆ ಮಾಡಿದ್ದು ಗಾಳಿಯ ಬಗ್ಗೆ. ದೊಡ್ಡ ಹಡಗು 20 ನಾಟ್ ವೇಗದಲ್ಲಿ ಹೋಯಿತು ಅಂದ್ರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಒಂದು ಎಲೆಯೂ ಅಲುಗಾಡದ ದಿನ ಕೂಡ ಪಕ್ಕದ ಬಾಲ್ಕನಿಯಲ್ಲಿ ನಿಂತವರ ಮುಖಕ್ಕೆ ಅಷ್ಟು ಗಾಳಿ ಹೊಡೆಯುತ್ತಲೇ ಇರುತ್ತದೆ. ಅಲಾಸ್ಕಾದ ಈ ಕರಾವಳಿಯಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನಕ್ಕೂ ಸಾಮಾನ್ಯವಾಗಿ 15-17 ಡಿಗ್ರಿ ಅಷ್ಟೇ. ಆ ಚಳಿಗೆ ಈ ಗಾಳಿ ಸೇರಿದರೆ ತೀರ್ಥಹಳ್ಳಿಯಿಂದ ಬಂದ ನನ್ನ ಅಮ್ಮ ಐದು ನಿಮಿಷಕ್ಕೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಿಂದಿನ ಬಾಲ್ಕನಿಗೆ ಇಡೀ ಹಡಗೇ ಅಡ್ಡ ನಿಂತಿರುತ್ತದೆ. ಅಮ್ಮ ಸ್ವೆಟರ್ ಮೇಲೊಂದು ಶಾಲು ಹೊದ್ದು ಬೆಳಗ್ಗೆಯ ಕಾಫಿಯಿಂದ ಊಟದ ಹೊತ್ತಿನವರೆಗೂ ಅಲ್ಲೇ ಕೂತಿರುತ್ತಿದ್ದರು. ಬಾಲ್ಕನಿಗೆ ಕೊಟ್ಟ ದುಡ್ಡು ವಸೂಲಾಗೋದು ಹೊರಗೆ ಕೂತರೆ ತಾನೇ?

ಇನ್ನು ಎಡ-ಬಲದ ವಿಷಯ. ಇನ್ಸೈಡ್ ಪ್ಯಾಸೇಜ್, ಅಂದ್ರೆ ದ್ವೀಪಗಳ ನಡುವಿನ ಒಳದಾರಿಗೆ ಹೋದ ಮೇಲೆ ಎರಡೂ ಕಡೆ ಬೆಟ್ಟ, ಎರಡೂ ಕಡೆ ದ್ವೀಪ. ಹಿಂದೆ ಕೂತವರಿಗೆ ಎರಡೂ ದಡ ಒಟ್ಟಿಗೆ ಕಾಣುತ್ತದೆ, ನಡುವೆ ಹಡಗು ಸೀಳಿಕೊಂಡು ಬಂದ ನೀರಿನ ಬಿಳಿ ದಾರಿ. ಮುಂದೆ ಏನು ಬರುತ್ತಿದೆ ಅನ್ನೋದು ಮಾತ್ರ ಗೊತ್ತಾಗೋದಿಲ್ಲ. "ಬಲಗಡೆ ಮುಂದೆ ತಿಮಿಂಗಿಲ" ಅಂತ ಸ್ಪೀಕರ್‌ನಲ್ಲಿ ಕೂಗಿದರೆ ನಾವು ಕಾಯಬೇಕು. ಅದು ಮುಳುಗದೇ ಇದ್ದರೆ ಹಡಗು ದಾಟಿದ ಮೇಲೆ ನಮ್ಮ ಪಾಲಿಗೆ ಬರುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲದ ಉಸಿರಿನ ಕಾರಂಜಿ ದೂರದವರೆಗೂ ಕಾಣುವುದರಿಂದ ಹಾಗೆ ನಮಗೆ ಸಿಕ್ಕಿದ್ದೂ ಉಂಟು. ಹಡಗಿನ ಮೂತಿಯ ಹತ್ತಿರ ಆಟವಾಡುವ, ಡಾಲ್ಫಿನ್ ಥರದ ಪೋರ್ಪಸ್‌ಗಳ ಆಸೆ ಬಿಟ್ಟುಬಿಡಿ. ಅದು ಮುಂದಿನವರಿಗೆ.

ಬುಕ್ ಮಾಡುವ ಮುಂಚೆ ನಾನು ಮ್ಯಾಪ್ ಬಿಚ್ಚಿಕೊಂಡು ಇನ್ನೊಂದು ಲೆಕ್ಕ ಹಾಕಿದ್ದೆ. ಅಲಾಸ್ಕಾದ ಈ ಕರಾವಳಿ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿದೆ. ಹೋಗುವಾಗ ಹಡಗಿನ ಮೂತಿ ವಾಯವ್ಯಕ್ಕೆ, ಬೆನ್ನು ಆಗ್ನೇಯಕ್ಕೆ. ಹಾಗಾಗಿ ಹೋಗುವಾಗ ಬೆಳಗಿನ ಬಿಸಿಲು ಬಾಲ್ಕನಿಗೆ ನೇರ ಬೀಳುತ್ತದೆ. ಮೋಡ ಇಲ್ಲದಿದ್ದರೆ ಹತ್ತು ಹನ್ನೊಂದು ಗಂಟೆಗೆ ಹಾಯಾಗಿ ಬೆಚ್ಚಗಿರುತ್ತದೆ. ವಾಪಸ್ ಬರುವಾಗ ಉಲ್ಟಾ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು ಪಶ್ಚಿಮದಲ್ಲಲ್ಲ, ವಾಯವ್ಯದಲ್ಲಿ. ಜೂನೋ ಊರಲ್ಲಿ ರಾತ್ರಿ ಹತ್ತರ ಸುಮಾರಿಗೆ. ವಾಪಸ್ ಬರುವ ಹಡಗಿನ ಬೆನ್ನು ಇರೋದೂ ಅದೇ ದಿಕ್ಕಿಗೆ. ಆ ಬಿಳಿ ನೀರಿನ ದಾರಿಯ ತುದಿಗೇ ಸೂರ್ಯ ಇಳಿಯುತ್ತಾನೆ. ಅಪ್ಪನಿಗೆ ಗಡಿಯಾರದ ಮೇಲೆ ನಂಬಿಕೆ ಹೋಗಿಬಿಟ್ಟಿತ್ತು. "ಹತ್ತು ಗಂಟೆಗೆ ಸಂಧ್ಯಾವಂದನೆ ಮಾಡೋದಾ?" ಅಂತ ಮತ್ತೆ ಮತ್ತೆ ಕೇಳಿದರು.

ಕ್ಯಾಬಿನ್ ಆರಿಸುವಾಗ ಹೆಚ್ಚು ಹೊತ್ತು ಹಿಡಿದದ್ದು ಡೆಕ್ ಪ್ಲಾನ್ ನೋಡೋದಕ್ಕೆ. ನಂಬರ್ ನೋಡಿ ಬುಕ್ ಒತ್ತಬೇಡಿ. ನಿಮ್ಮ ಕ್ಯಾಬಿನ್ನಿನ ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ ಅಂತ ಮೇಲಿನ ಡೆಕ್, ಕೆಳಗಿನ ಡೆಕ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಬಹಳ ಹಡಗುಗಳಲ್ಲಿ ಬಫೆ ಇರೋದು ಹಿಂಭಾಗದಲ್ಲೇ, ಅದರಾಚೆ ತೆರೆದ ಜಾಗದಲ್ಲಿ ಟೇಬಲ್ ಕುರ್ಚಿ. ಅದರ ನೇರ ಕೆಳಗಿನ ಕ್ಯಾಬಿನ್ ಸಿಕ್ಕಿದರೆ ಬೆಳಗಾಗುತ್ತಲೇ ಕುರ್ಚಿ ಎಳೆಯೋ ಕರಕರ ಸದ್ದು ಶುರು. ತೀರಾ ಕೆಳಗೆ ಹೋದರೆ ಡೈನಿಂಗ್ ಹಾಲ್, ಅದರ ಹಿಂದೆ ಅಡುಗೆಮನೆ. ಪ್ಲಾನ್‌ನಲ್ಲಿ ಏನೂ ಬರೆಯದೆ ಬಿಳಿ ಬಿಟ್ಟ ಜಾಗ ಕಂಡರೆ ಅದು ಖಾಲಿ ಅಲ್ಲ, ಸಿಬ್ಬಂದಿ ಓಡಾಡುವ, ಗಾಡಿ ತಳ್ಳುವ ಜಾಗ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ನಡುವಿನ ಡೆಕ್ಕೇ ಒಳ್ಳೇದು. ನಾನು ತಗೊಂಡದ್ದು ಅಂಥದ್ದು. ರಾತ್ರಿ ಮೇಲಿಂದ ಒಂದು ಸದ್ದೂ ಬರಲಿಲ್ಲ.

ಹಡಗಿನ ಬೆನ್ನಿನ ಆಕಾರವೂ ನೋಡಬೇಕು. ಕೆಲವದರಲ್ಲಿ ನೆಟ್ಟಗೆ ಗೋಡೆ ಇದ್ದಂಗೆ ಇರುತ್ತದೆ, ಎಲ್ಲ ಬಾಲ್ಕನಿಯೂ ಒಂದೇ ಅಳತೆ. ಕೆಲವು ಇಳಿಜಾರು. ಹಾಲೆಂಡ್ ಅಮೆರಿಕ ಕಂಪನಿಯ ವೆಸ್ಟರ್‌ಡಾಮ್, ಓಸ್ಟರ್‌ಡಾಮ್ ಥರದ ವಿಸ್ಟಾ ವರ್ಗದ ಹಡಗುಗಳಲ್ಲಿ ಕೆಳಗೆ ಇಳಿದಷ್ಟೂ ಬಾಲ್ಕನಿ ಆಳವಾಗುತ್ತಾ ಹೋಗುತ್ತದೆ. ಕಾಲು ಚಾಚಿ ಮಲಗುವಷ್ಟು ಜಾಗ. ಆದರೆ ಮೇಲಿನವರು ಬಗ್ಗಿದರೆ ನೀವು ಪೂರ್ತಿ ಕಾಣುತ್ತೀರಿ, ಮಳೆಗೆ ಮರೆಯೂ ಕಮ್ಮಿ. ದಾರಿಯಲ್ಲಿ ಸಿಗುವ ಕೆಚಿಕನ್ ಊರಿನ ಕಡೆ ಮಳೆ ಅಂದ್ರೆ ಆಗುಂಬೆಯ ನೆಂಟ, ಹಾಗಾಗಿ ಮಾಡು ಇರೋದೇ ಮೇಲು ಅನ್ನೋದು ನನ್ನ ಲೆಕ್ಕ. ಮೂಲೆಯ ಕ್ಯಾಬಿನ್‌ಗಳಿಗೆ ಕೆಲವು ಹಡಗಿನಲ್ಲಿ ಎರಡು ಕಡೆ ಸುತ್ತುವ ಬಾಲ್ಕನಿ ಇರುತ್ತದೆ. ಅವು ಹೆಚ್ಚಾಗಿ ಸ್ವೀಟ್ (ದೊಡ್ಡ ಐಷಾರಾಮಿ ಕೋಣೆ) ರೇಟಿನವು, ನಮಗೆ ನಿಲುಕಲಿಲ್ಲ.

ಈಗ ಅಲುಗಾಟ. ಅಮ್ಮನಿಗೆ ಪ್ಲಾನ್ ತೋರಿಸಿದಾಗ ಬಂದ ಮೊದಲ ಮಾತೇ "ಹಿಂದಿನ ಸೀಟು ಯಾಕೆ ಮಾರಾಯ್ತಿ, ಮುಂದೆ ಖಾಲಿ ಇರ್ಲಿಲ್ವಾ?" ಆಗುಂಬೆ ಘಾಟಿಯಲ್ಲಿ ಬಸ್ಸಿನ ಕೊನೇ ಸೀಟಲ್ಲಿ ಕೂತವರಿಗೆ ಇದು ಹೇಳಿಕೊಡಬೇಕಿಲ್ಲ. ಅವರ ಮಾತು ಸುಳ್ಳೂ ಅಲ್ಲ. ಹಡಗು ಮುಂದೆ-ಹಿಂದೆ ತೂಗುವಾಗ ನಡುವೆ ಕಮ್ಮಿ, ಎರಡು ತುದಿಗಳಲ್ಲಿ ಜಾಸ್ತಿ. ಒಂದು ವ್ಯತ್ಯಾಸ ಏನಂದ್ರೆ ಇದು ಇಡೀ ದಾರಿಯ ತೊಂದರೆ ಅಲ್ಲ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ತೂಗಾಟ ಅಲ್ಲಿ. ಒಳದಾರಿ ಸಿಕ್ಕಿದ ಮೇಲೆ ನೀರು ಕೆರೆಯಷ್ಟು ಶಾಂತ. ಅಮ್ಮ ಊರಿಂದ ತಂದಿದ್ದ ಅವೊಮಿನ್ (ವಾಂತಿ ತಡೆಯುವ ಮಾತ್ರೆ) ನುಂಗಿ ಮೊದಲ ರಾತ್ರಿ ನಿದ್ದೆ ಹೊಡೆದರು. ಅಪ್ಪನಿಗೆ ಅದೂ ಬೇಕಾಗಲಿಲ್ಲ. ವ್ಯಾಂಕೂವರ್ ಊರಿಂದ ಹೊರಡುವ ಹಡಗುಗಳು ದ್ವೀಪಕ್ಕೂ ನೆಲಕ್ಕೂ ನಡುವಿನ ದಾರಿ ಹಿಡಿಯುವುದರಿಂದ ತೂಗಾಟ ಇನ್ನೂ ಕಮ್ಮಿ.

ಬಂದರಿಗೆ ಸೇರಿಸುವಾಗ ಆಗುವ ನಡುಕ ಬೇರೆ. ಹಡಗನ್ನು ತಳ್ಳುವ ಯಂತ್ರ ಇರೋದೇ ನಮ್ಮ ಕೆಳಗೆ. ಬೆಳಗಿನ ಜಾವ ಹಡಗು ನಿಧಾನವಾಗಿ ತಿರುಗುವಾಗ ಮಂಚದ ಕಾಲಿನಿಂದ ಗುಂಯ್ ಅಂತ ಶುರುವಾಗುತ್ತದೆ. ಬಾತ್‌ರೂಮಿನ ಕನ್ನಡಿ ಪಕ್ಕದ ಎರಡು ಗಾಜಿನ ಲೋಟ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಲೇ ಇದ್ದವು. ನಡುವೆ ಸಣ್ಣ ಟವೆಲ್ ತುರುಕಿದ ಮೇಲೆ ಸುಮ್ಮನಾದವು. ಇನ್ನೊಂದು, ಮಸಿ. ಗಾಳಿ ಮುಂದಿನಿಂದ ಬೀಸುವ ದಿನ ಚಿಮಣಿಯ ಕಪ್ಪು ಚುಕ್ಕಿ ಬಿಳಿ ಕುರ್ಚಿಯ ಮೇಲೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಕೂತುಕೊಳ್ಳಿ, ಅದರಲ್ಲೂ ತಿಳಿ ಬಣ್ಣದ ಬಟ್ಟೆ ಹಾಕಿದ್ದರೆ.

"ತುಂಬಾ ನಡೀಬೇಕು" ಅಂತ ಹೆದರಿಸುವವರೂ ಇದ್ದಾರೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಇದನ್ನೂ ತೂಗಿ ನೋಡಿದ್ದೆ. ನಾಟಕ-ಸಂಗೀತದ ಥಿಯೇಟರ್ ಸಾಮಾನ್ಯವಾಗಿ ಮುಂಭಾಗದಲ್ಲಿ. ಅಲ್ಲಿಗೆ ಹೋಗೋದು ದಿನಕ್ಕೊಮ್ಮೆ, ಅದೂ ಮನಸ್ಸಿದ್ದರೆ. ಬಫೆ, ಡೈನಿಂಗ್ ಹಾಲ್ ಹಿಂಭಾಗದಲ್ಲಿ. ಅಲ್ಲಿಗೆ ದಿನಕ್ಕೆ ನಾಲ್ಕು ಸಲ. ಹಿಂದಿನ ಲಿಫ್ಟ್ ನಮ್ಮ ಬಾಗಿಲಿನ ಹತ್ತಿರವೇ. ಹಿರಿಯರಿಗೆ ಇದು ಅನುಕೂಲವೇ ಆಯಿತು. ಸಸ್ಯಾಹಾರದ ಭಾರತೀಯ ಊಟವನ್ನು ಮುಂಚೆಯೇ ಹೇಳಿಟ್ಟಿದ್ದೆವು. ಆದರೂ ಅಮ್ಮ ಗೊಜ್ಜವಲಕ್ಕಿ ಪುಡಿ ಬಿಡುತ್ತಾರಾ? ಕ್ಯಾಬಿನ್ನಿಗೆ ಕೆಟಲ್, ರೈಸ್ ಕುಕ್ಕರ್ ತರುವ ಹಾಗಿಲ್ಲ, ಬೆಂಕಿಯ ಭಯ. ಫ್ಲಾಸ್ಕ್‌ನಲ್ಲಿ ಬಫೆಯ ಬಿಸಿನೀರು ತಂದು ಬಾಲ್ಕನಿಯಲ್ಲೇ ಅವಲಕ್ಕಿ ನೆನೆಸಿದ್ದಾಯಿತು. ನಮ್ಮದೂ ಅಪ್ಪ-ಅಮ್ಮನದೂ ಅಕ್ಕಪಕ್ಕದ ಕ್ಯಾಬಿನ್. ಎರಡು ಬಾಲ್ಕನಿಗಳ ನಡುವಿನ ತಡಿಕೆ ತೆಗೆಯಲು ಆಗುತ್ತದಾ ಅಂತ ಕ್ಯಾಬಿನ್ ನೋಡಿಕೊಳ್ಳುವ ಸ್ಟೀವರ್ಡ್‌ನನ್ನು ಕೇಳಿದೆ, ಕೀಲಿ ತಂದು ತೆಗೆದೇಬಿಟ್ಟ. ಎಲ್ಲ ಹಡಗಿನಲ್ಲೂ ಆಗೋದಿಲ್ಲ, ಕೆಲವು ಕಬ್ಬಿಣದ ಗೋಡೆ. ಆದರೆ ಕೇಳೋದಕ್ಕೇನು ಖರ್ಚಾ?

ಗ್ಲೇಸಿಯರ್ ಬೇ, ಅಂದ್ರೆ ಹಿಮನದಿಗಳ ಕೊಲ್ಲಿಗೆ ಹೋಗುವ ದಿನದ ಬಗ್ಗೆ ನನಗೂ ಅನುಮಾನ ಇತ್ತು. ಅಲ್ಲಿಗೆ ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗಿಗೆ ಮಾತ್ರ ಅವಕಾಶ. ಜನ ಎಲ್ಲ ಮುಂಭಾಗದ ಡೆಕ್ಕಿಗೆ ನುಗ್ಗುತ್ತಾರೆ. ನಾವು ಕೂತಲ್ಲೇ ಕೂತೆವು. ಮಾರ್ಜರಿ ಗ್ಲೇಸಿಯರ್ ಎದುರು ಹಡಗು ನಿಂತು, ಎರಡೂ ಬದಿಯವರಿಗೆ ಕಾಣಲಿ ಅಂತ ನಿಧಾನವಾಗಿ ತಿರುಗುತ್ತದೆ. ಮೊದಲು ನಮಗೆ ಬರೀ ಬಂಡೆ, ನೀರು. ಆಮೇಲೆ ರೇಲಿಂಗಿನ ಒಂದು ತುದಿಯಿಂದ ನೀಲಿ ಹಿಮದ ಗೋಡೆ ಒಳಗೆ ಬಂತು. ಅಗಲ ಒಂದು ಮೈಲಿ, ನೀರಿನ ಮೇಲೆ ಸುಮಾರು 250 ಅಡಿ. ಮನೆಯಷ್ಟು ದೊಡ್ಡ ತುಂಡು ಕಳಚಿ ಬಿದ್ದದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಹಡಗು ಹೊರಟ ಮೇಲೂ ನಮಗೆ ಅದು ಎದುರಿಗೇ ಇತ್ತು, ಮುಂದಿನವರು ಅಷ್ಟರಲ್ಲಿ ಊಟಕ್ಕೆ ಹೋಗಿದ್ದರು.

ಬುಕ್ ಮಾಡುವವರಿಗೆ ಎರಡು ಮಾತು. "ಗ್ಯಾರಂಟಿ" ಅಂತ ಅಗ್ಗದ ರೇಟು ಕಂಡರೆ ಅದರಲ್ಲಿ ಕ್ಯಾಬಿನ್ ಆರಿಸೋದು ಕಂಪನಿ, ನೀವಲ್ಲ. ಹಿಂದಿನದೇ ಬೇಕಿದ್ದರೆ ಅದು ಬೇಡ. ಇನ್ನು, 1886ರ ಅಮೆರಿಕದ ಕಾನೂನಿನ ಪ್ರಕಾರ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ನೋಂದಣಿಯ ಹಡಗು ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು. ಅದಕ್ಕೇ ಎಲ್ಲವೂ ಕೆನಡಾದಲ್ಲಿ, ಹೆಚ್ಚಾಗಿ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದ ಅಪ್ಪ-ಅಮ್ಮನಿಗೆ ಅಮೆರಿಕದ ವೀಸಾ ಜೊತೆ ಕೆನಡಾ ವೀಸಾ ಕೂಡ ಬೇಕು. ಬಾಲ್ಕನಿಗಿಂತ ಮೊದಲು ಅದನ್ನು ನೋಡಿಕೊಳ್ಳಿ.

ಒಂದೇ ದಿಕ್ಕಿನ ಪ್ರಯಾಣ ಮಾಡುವವರು, ಅಂದ್ರೆ ವ್ಯಾಂಕೂವರ್‌ಗೂ ಅಲಾಸ್ಕಾದ ವಿಟಿಯರ್ ಅಥವಾ ಸೀವಾರ್ಡ್‌ಗೂ ನಡುವೆ ಹೋಗುವವರು, ಹಿಂದಿನ ಬಾಲ್ಕನಿ ಹಿಡಿಯೋದಾದ್ರೆ ಉತ್ತರದಿಂದ ಕೆಳಗಿಳಿಯುವ ಹಡಗು ನೋಡಿ, ಸಂಜೆ ಬಿಸಿಲು ಅದಕ್ಕೇ ಸಿಗೋದು. ಆದರೆ ಆ ದಾರಿಯಲ್ಲಿ ಗಲ್ಫ್ ಆಫ್ ಅಲಾಸ್ಕಾ ದಾಟಬೇಕು, ಅದು ಪೂರ್ತಿ ತೆರೆದ ಸಮುದ್ರ. ಬಸ್ಸು ಹತ್ತಿದರೇ ವಾಂತಿ ಬರುವವರು ಜೊತೆಯಲ್ಲಿದ್ದರೆ ನಡುವಿನ ಕ್ಯಾಬಿನ್ನೇ ಸರಿ.