ಭೂಕಂಪದ ದಾಖಲೆಯಲ್ಲಿ ಪಲ್ಸ್ ಇದೆಯೇ? ಹುಡುಕುವ ಕ್ರಮ

ಪಲ್ಸ್ ಎಂದರೆ ಕಂಪನದ ಹೆಚ್ಚಿನ ಶಕ್ತಿಯನ್ನು ಒಂದೆರಡು ಅಲೆಯಲ್ಲೇ ಹೊತ್ತುತರುವ ಬಡಿತ. ವೇಗೋತ್ಕರ್ಷದ ಗ್ರಾಫ್‌ನಲ್ಲಿ ಅದನ್ನು ಹುಡುಕಬೇಡಿ, ಅಲ್ಲಿ ಕಾಣುವುದು ಬರೀ ಮುಳ್ಳುಮುಳ್ಳು. ವೇಗದ ಗ್ರಾಫ್ ತೆರೆದರೆ ಗೊತ್ತಾಗುತ್ತದೆ: ಶುರುವಿನಲ್ಲೇ ಒಂದೆರಡು ದೊಡ್ಡ ಅಲೆ, ಆಮೇಲೆ ಸಪ್ಪೆ. ಫಾಲ್ಟ್ (ಭೂಮಿಯೊಳಗಿನ ಬಿರುಕು) ಸೀಳುವ ವೇಗ ಸಾಮಾನ್ಯವಾಗಿ ಶಿಯರ್ ಅಲೆಯ (ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆಯ) ವೇಗದ ಶೇ. 80–90. ಸೀಳು ಕಂಪನ ದಾಖಲಿಸುವ ನಿಲ್ದಾಣದತ್ತಲೇ ಬಂದರೆ ದಾರಿಯುದ್ದಕ್ಕೂ ಹೊರಟ ಶಕ್ತಿ ಹೆಚ್ಚುಕಡಿಮೆ ಒಟ್ಟಿಗೇ ಬಡಿಯುತ್ತದೆ. ಆಚೆ ಸರಿದರೆ ಅದೇ ಶಕ್ತಿ ಉದ್ದಕ್ಕೆ ಹರಡಿ ತೆಳುವಾಗುತ್ತದೆ. ಹಾಗಾಗಿ ಫಾಲ್ಟ್‌ಗೆ 5 ಕಿ.ಮೀ. ಹತ್ತಿರವಿದ್ದರೂ ಪಲ್ಸ್ ಇಲ್ಲದ ದಾಖಲೆಗಳು ಬೇಕಾದಷ್ಟಿವೆ.

ದಾವಣಗೆರೆಯಲ್ಲಿ ಎಂ.ಟೆಕ್ ಪ್ರಾಜೆಕ್ಟ್ ಮಾಡುವವರಿಗೆ ಪೀರ್ ಸಂಸ್ಥೆಯ (ಅಮೆರಿಕದ ಭೂಕಂಪ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ) ಎನ್‌ಜಿಎ-ವೆಸ್ಟ್2 ದಾಖಲೆ ಭಂಡಾರವೇ ಸಾಕು. ಅಲ್ಲಿನ ಎಟಿ2 ಕಡತದ (ವೇಗೋತ್ಕರ್ಷದ ಕಡತದ) ಮೊದಲ ನಾಲ್ಕು ಸಾಲು ತಲೆಬರಹ. ಬಿಂದುಗಳ ಸಂಖ್ಯೆ ಮತ್ತು ಎರಡು ಬಿಂದುಗಳ ನಡುವಿನ ಕಾಲ ನಾಲ್ಕನೆಯದರಲ್ಲಿ. ಮೌಲ್ಯಗಳು ಜಿ (ಗುರುತ್ವ ವೇಗೋತ್ಕರ್ಷ) ಮಾನದಲ್ಲಿವೆ. 981ರಿಂದ ಗುಣಿಸಿ, ಅನುಕಲಿಸಿದರೆ ಸೆಂ.ಮೀ./ಸೆ. ವೇಗ ಸಿಗುತ್ತದೆ. ಗುಣಿಸಲು ಮರೆತರೆ ಮುಂದೆ ಬರುವ 30 ಸೆಂ.ಮೀ./ಸೆ. ಮಿತಿಯನ್ನು ಯಾವ ದಾಖಲೆಯೂ ದಾಟುವುದಿಲ್ಲ!

ಈಗ ದಿಕ್ಕು ತಿರುಗಿಸಿ. ಸ್ಟ್ರೈಕ್-ಸ್ಲಿಪ್ ಫಾಲ್ಟ್‌ನಲ್ಲಿ (ಎರಡು ಬದಿಗಳು ಪಕ್ಕಪಕ್ಕ ಜಾರುವ ಬಿರುಕಿನಲ್ಲಿ) ಈ ಪಲ್ಸ್ ಬಲವಾಗಿರುವುದು ಫಾಲ್ಟ್‌ಗೆ ಅಡ್ಡಲಾಗಿ. ಫಾಲ್ಟ್‌ನ ದಿಕ್ಕಿಗೆ 90 ಡಿಗ್ರಿ ಕೂಡಿಸಿ. ಆ ಕೋನಕ್ಕೂ ಪ್ರತಿ ಘಟಕದ (ನಿಲ್ದಾಣ ದಾಖಲಿಸಿದ ಎರಡು ಸಮತಲ ದಿಕ್ಕುಗಳಲ್ಲಿ ಒಂದೊಂದರ) ಕೋನಕ್ಕೂ ಇರುವ ವ್ಯತ್ಯಾಸದ ಕೊಸೈನ್‌ನಿಂದ ಆ ಘಟಕವನ್ನು ಗುಣಿಸಿ, ಎರಡನ್ನೂ ಕೂಡಿಸಿ. 1979ರ ಇಂಪೀರಿಯಲ್ ವ್ಯಾಲಿ ಭೂಕಂಪಕ್ಕೆ ದಿಕ್ಕು ಸುಮಾರು 143, ಅಡ್ಡ ದಿಕ್ಕು 233. ಎಲ್ ಸೆಂಟ್ರೊ ಅರೇ 6 ನಿಲ್ದಾಣದ ಘಟಕಗಳು 230 ಮತ್ತು 140. ಗುಣಕಗಳು 0.999 ಮತ್ತು −0.052, ಅಂದರೆ 230ರ ಘಟಕವೇ ಸಾಕು. ಎಲ್ಲ ಕಡೆ ಇಷ್ಟು ಅನುಕೂಲ ಇರುವುದಿಲ್ಲ. ಎರಡು ಘಟಕಗಳು ಅದಲುಬದಲಾದರೆ ಪಲ್ಸ್ ಕಣ್ಮರೆ.

ಕಣ್ಣಳತೆ ಬಿಟ್ಟು ಅಂಕಿಗೆ ಬನ್ನಿ. ಸಂಶೋಧಕ ಜ್ಯಾಕ್ ಬೇಕರ್ ಅವರ 2007ರ ವಿಧಾನದಲ್ಲಿ ನಾಲ್ಕನೇ ದರ್ಜೆಯ ಡೊಬೆಶಿ ವೇವ್ಲೆಟ್‌ನಿಂದ (ಪುಟ್ಟ ಅಲೆಯಾಕಾರದ ಗಣಿತ ಫಲನದಿಂದ) ಪಲ್ಸನ್ನು ಬೇರ್ಪಡಿಸಿ ವೇಗದ ದಾಖಲೆಯಿಂದ ಕಳೆಯುತ್ತಾರೆ. ಉಳಿಕೆಯ ಗರಿಷ್ಠ ವೇಗವನ್ನು ಮೂಲದ್ದರಿಂದ ಭಾಗಿಸಿ 14.6ರಿಂದ ಗುಣಿಸಿ, ಶಕ್ತಿಯ (ವೇಗದ ವರ್ಗಗಳ ಮೊತ್ತದ) ಅನುಪಾತವನ್ನು 20.5ರಿಂದ. ಎರಡನ್ನೂ ಕೂಡಿಸಿ 23.3 ಕಳೆದು, ಎಕ್ಸ್‌ಪೊನೆನ್ಶಿಯಲ್ ತೆಗೆದು, 1 ಕೂಡಿಸಿ, ವಿಲೋಮ ಮಾಡಿದರೆ ಸೂಚ್ಯಂಕ. ಅನುಪಾತಗಳು 0.5, 0.4 ಇದ್ದರೆ ಅದು 1ಕ್ಕೆ ಅಂಟಿಕೊಂಡಿರುತ್ತದೆ, 0.8, 0.7 ಇದ್ದರೆ 0.06 ಮಾತ್ರ. ಪಲ್ಸ್ ಎನ್ನಬೇಕಾದರೆ ಸೂಚ್ಯಂಕ 0.85 ದಾಟಬೇಕು, ಗರಿಷ್ಠ ವೇಗ 30 ಸೆಂ.ಮೀ./ಸೆ. ಮೀರಬೇಕು, ಪಲ್ಸ್ ದಾಖಲೆಯ ಆರಂಭದಲ್ಲೇ ಬಂದಿರಬೇಕು. ಕೊನೆಯ ಷರತ್ತನ್ನು ಬಹಳ ಮಂದಿ ಬಿಡುತ್ತಾರೆ; ಮೆತ್ತನೆ ಮಣ್ಣಿನಲ್ಲಿ ತಡವಾಗಿ ಏಳುವ ಅಲೆ ಆಗ ಒಳಗೆ ನುಸುಳುತ್ತದೆ.

ಪಲ್ಸ್‌ನ ಅವಧಿ ಭೂಕಂಪದ ಪ್ರಮಾಣದೊಂದಿಗೆ ಬೆಳೆಯುತ್ತದೆ: ಅದೇ ಅಧ್ಯಯನದ ಸರಾಸರಿಯಂತೆ 6.5ಕ್ಕೆ ಸುಮಾರು 2.3 ಸೆಕೆಂಡ್, 7ಕ್ಕೆ 3.9. ಕಟ್ಟಡ ಸ್ಥಿತಿಸ್ಥಾಪಕ ಮಿತಿ ಮೀರಿದ ಮೇಲೆ ಅದರ ಅವಧಿ ಉದ್ದವಾಗುವುದರಿಂದ, ಪಲ್ಸ್‌ನ ಅವಧಿ ಕಟ್ಟಡದ್ದರ ಸುಮಾರು ಎರಡರಷ್ಟಿದ್ದಾಗ ಪೆಟ್ಟು ಜೋರು. ಹೊಂದಿಸಲೆಂದು ದಾಖಲೆಯ ಕಾಲವನ್ನು ಹಿಗ್ಗಿಸಬೇಡಿ, ಬೇರೆ ದಾಖಲೆ ಆರಿಸಿ. ದಾಖಲೆಯಲ್ಲಿ ಬಳಸಬಹುದಾದ ಕನಿಷ್ಠ ಆವರ್ತನವನ್ನೂ ನೋಡಿ. ಅದಕ್ಕಿಂತ ನಿಧಾನದ ಪಲ್ಸ್ ನಂಬಿಕೆಗೆ ಬಾರದು.

ನೆಲ ಶಾಶ್ವತವಾಗಿ ಸರಿದಾಗ ಹುಟ್ಟುವ ಪಲ್ಸ್ ಬೇರೆ ಜಾತಿ, ಅದು ಜಾರಿದ ದಿಕ್ಕಿನಲ್ಲೇ ಇರುತ್ತದೆ. ತೈವಾನ್‌ನ 1999ರ ಚಿ-ಚಿ ಭೂಕಂಪದ ಟಿಸಿಯು068 ನಿಲ್ದಾಣದ ದಾಖಲೆ ಇದಕ್ಕೆ ಹೆಸರಾಂತ ಉದಾಹರಣೆ. ನಿಧಾನದ ಚಲನೆಯನ್ನು ತೆಗೆದುಹಾಕುವ ಮಾಮೂಲಿ ಹೈ-ಪಾಸ್ ಫಿಲ್ಟರ್ ಆ ಸರಿತವನ್ನೇ ತೊಳೆದುಹಾಕುತ್ತದೆ, ಆದ್ದರಿಂದ ಸಂಸ್ಕರಿಸಿದ ಕಡತದಲ್ಲಿ ಆ ಸರಿತವನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ನಮ್ಮ ಊರಿನ ಮಾತು. 2016ರ ಐಎಸ್ 1893ರಲ್ಲಿ (ಭೂಕಂಪ ವಿನ್ಯಾಸದ ಭಾರತೀಯ ಮಾನಕದಲ್ಲಿ) ಚಿತ್ರದುರ್ಗ ಎರಡನೇ ವಲಯ, ವಲಯಾಂಕ 0.10. ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವ ಅಂಚಿನ ಶಿಯರ್ ವಲಯ ಭೂನಕ್ಷೆಯಲ್ಲಿ ಉದ್ದ ಗೆರೆಯಾಗಿ ಕಾಣುತ್ತದೆ. ಅದು 250 ಕೋಟಿ ವರ್ಷಕ್ಕೂ ಹಿಂದಿನ ಗಾಯ. ಆ ಗೆರೆಯಿಂದ ಅಳೆದು ಸೈಟನ್ನು ‘ಫಾಲ್ಟ್ ಸಮೀಪ’ ಎನ್ನಬೇಡಿ. 1994ರ ನಾರ್ಥ್‌ರಿಜ್ ಭೂಕಂಪದ, ಪಲ್ಸ್ ಇರುವ ರಿನಾಲ್ಡಿ ದಾಖಲೆಯನ್ನು 0.10 ಜಿಗೆ ಇಳಿಸಿದರೂ ಪಲ್ಸ್‌ನ ಆಕಾರ ಹಾಗೇ ಉಳಿಯುತ್ತದೆ. ಆದರೆ ಫಲಿತಾಂಶ ಇಲ್ಲಿನ ಅಪಾಯವನ್ನು ಹೇಳುವುದಿಲ್ಲ. ವರದಿಯಲ್ಲಿ ಅದನ್ನು ತುಲನಾ ಅಧ್ಯಯನ ಎಂದೇ ಬರೆಯಿರಿ.