ಮಂಗನ ಕಾಯಿಲೆಯ ವೈರಸ್ಸಿನ ವಂಶವೃಕ್ಷ: ಟರ್ಮಿನಲ್‌ನಲ್ಲಿ ನಾನು ಕಟ್ಟಿದ್ದು ಹೀಗೆ

ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಮೈಕ್ರೊಬಯಾಲಜಿ ಕಲಿಸುತ್ತೇನೆ. ಮಂಗನ ಕಾಯಿಲೆ, ಅಂದ್ರೆ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್), ನಮ್ಮ ಜಿಲ್ಲೆಗೆ ಬರೀ ಪಾಠದ ವಿಷಯ ಅಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯ ವಿದ್ಯಾರ್ಥಿಗಳಿಗೆ ಉಣುಗು (ಈ ಕಾಯಿಲೆ ಹರಡುವ, ರಕ್ತ ಹೀರುವ ಉಣ್ಣೆ) ಏನು ಅಂತ ನಾನು ಹೇಳಿಕೊಡಬೇಕಿಲ್ಲ. ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಅನ್ನೋದು ಅವರಿಗೆ ಮನೆಯಲ್ಲೇ ಗೊತ್ತಾಗಿರುತ್ತದೆ. ಆದರೆ ಜೀನೋಮ್, ಅಂದ್ರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ, ಅಂದ ತಕ್ಷಣ ಅದು ದೂರದ ದೊಡ್ಡ ಸಂಸ್ಥೆಗಳ ಕೆಲಸ ಅಂದುಕೊಳ್ಳುತ್ತಾರೆ. ವೈರಸ್ಸನ್ನು ಬೆಳೆಸೋಕೆ ಹೆಚ್ಚಿನ ಸುರಕ್ಷತೆಯ ಲ್ಯಾಬ್ ಬೇಕೇ ಬೇಕು, ಅದು ನಿಜ. ಆದರೆ ಸೀಕ್ವೆನ್ಸ್ (ಆ ಬರಹದ ಅಕ್ಷರಗಳ ಸಾಲು) ಓದಿ ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಭಂಡಾರಕ್ಕೆ ಹಾಕಿದ ಮೇಲೆ ಅದು ಅಕ್ಷರಗಳ ಒಂದು ಫೈಲು ಅಷ್ಟೇ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆ ಫೈಲು ದೊಡ್ಡದೇನೂ ಅಲ್ಲ. ಈ ವೈರಸ್ಸಿನ ಜೀನೋಮ್ ಸುಮಾರು 10,800 ಬೇಸ್ (ಅಕ್ಷರ) ಉದ್ದ. ಮನುಷ್ಯನದು 300 ಕೋಟಿ. ಹಾಗಾಗಿ ನನ್ನ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪೇ ಸಾಕಾಯಿತು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಮೂಲಕ ಉಬುಂಟು ಹಾಕಿಕೊಂಡೆ. ಅದರೊಳಗೆ, ರೋಗಾಣುಗಳ ವಂಶವೃಕ್ಷ ಕಟ್ಟಿ ತೋರಿಸುವ ನೆಕ್ಸ್ಟ್‌ಸ್ಟ್ರೇನ್‌ನ ಕಮಾಂಡ್ ಲೈನ್ (ಟರ್ಮಿನಲ್‌ನಲ್ಲಿ ಆದೇಶ ಟೈಪ್ ಮಾಡಿ ನಡೆಸುವ) ಸಲಕರಣೆ. ವಿಜ್ಞಾನಿಗಳಾದ ಟ್ರೆವರ್ ಬೆಡ್‌ಫರ್ಡ್, ರಿಚರ್ಡ್ ನೆಹೆರ್ ಅವರ ತಂಡಗಳು ಕಟ್ಟಿದ ಇದು ಪೂರ್ತಿ ಉಚಿತ. ಬೇಕಾದ ತಂತ್ರಾಂಶಗಳನ್ನು ಒಟ್ಟಿಗೆ ಒದಗಿಸುವ ಡಾಕರ್ ಮೇಲೂ ಇದನ್ನು ಓಡಿಸಬಹುದು, ಕಾಂಡಾ ಮೇಲೂ ಓಡಿಸಬಹುದು. ರ‍್ಯಾಮ್ ಕಡಿಮೆ ಇದ್ದರೆ ಕಾಂಡಾ ವಾಸಿ. ಮೊದಲ ಸಲ ಇಳಿಸಿಕೊಳ್ಳುವಾಗ ಮಾತ್ರ ಒಳ್ಳೆ ನೆಟ್ ಬೇಕು, ಆಮೇಲೆ ನೆಟ್ ಇಲ್ಲದಿದ್ದರೂ ಕೆಲಸ ಸಾಗುತ್ತದೆ.

ಎಲ್ಲವನ್ನೂ ಸೊನ್ನೆಯಿಂದ ಬರೆಯುವ ಅಗತ್ಯ ಇಲ್ಲ. ನೆಕ್ಸ್ಟ್‌ಸ್ಟ್ರೇನ್‌ನವರದ್ದೇ ಝಿಕಾ ವೈರಸ್ಸಿನ ಒಂದು ಪಾಠ ಇದೆ. ಝಿಕಾ ಕೂಡ ಮಂಗನ ಕಾಯಿಲೆಯ ವೈರಸ್ಸಿನ ಹಾಗೆ ಫ್ಲಾವಿವೈರಸ್. ಜೀನೋಮ್ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಸೀಕ್ವೆನ್ಸ್‌ಗಳನ್ನು ಸೋಸುವುದು, ಮಾಫ್ಟ್‌ನಿಂದ ಸಾಲಾಗಿ ಜೋಡಿಸುವುದು, ಐಕ್ಯೂ-ಟ್ರೀಯಿಂದ ಮರ ಕಟ್ಟುವುದು, ಟ್ರೀಟೈಮ್‌ನಿಂದ ಮರಕ್ಕೆ ಇಸವಿ ಕೂರಿಸುವುದು, ಹೀಗೆ ಎಲ್ಲ ಹಂತಗಳೂ ಒಂದೇ ಸ್ನೇಕ್‌ಫೈಲಿನಲ್ಲಿ (ಸ್ನೇಕ್‌ಮೇಕ್ ಅನ್ನುವ ತಂತ್ರಾಂಶ ಓದಿ ನಡೆಸುವ ಹಂತಗಳ ಪಟ್ಟಿ) ಬರೆದಿರುತ್ತವೆ. ಅದನ್ನು ನಕಲು ಮಾಡಿಕೊಂಡು, ರೆಫರೆನ್ಸ್ ಫೈಲಿನ (ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿ ಜೀನೋಮ್) ಜಾಗಕ್ಕೆ ನಮ್ಮ ವೈರಸ್ಸಿನದ್ದನ್ನು ಇಟ್ಟೆ.

ಇಷ್ಟು ಮಾಡಿ ಸುಮ್ನೆ ಎಂಟರ್ ಒತ್ತಿದರೆ ಮರವೇನೋ ಬರುತ್ತದೆ. ಆದರೆ ಅದರಲ್ಲಿ 1957 ಇರುವುದಿಲ್ಲ! ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಮೊದಲು ಸಿಕ್ಕಿದ್ದೇ 1957ರಲ್ಲಿ. ಆ ಮಾದರಿಯೇ ಮರದ ಬುಡಕ್ಕೆ ಆಸರೆ. ಅದು ಮಾಯವಾಗಲು ಎರಡು ಕಾರಣ. ಝಿಕಾ ಪಾಠದ ಸೋಸುವ ಹಂತದಲ್ಲಿ 2012ಕ್ಕಿಂತ ಹಿಂದಿನದ್ದು ಬೇಡ ಅಂತ ಒಂದು ಸಾಲಿದೆ. ಝಿಕಾಗೆ ಅದು ಸರಿ, ನಮಗಲ್ಲ. ಎರಡನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ. ಸೀಕ್ವೆನ್ಸ್‌ಗಳನ್ನು ದೇಶ, ವರ್ಷ, ತಿಂಗಳ ಪ್ರಕಾರ ಗುಂಪು ಮಾಡು ಅಂತ ಅಲ್ಲಿ ಹೇಳಿರುತ್ತದೆ. ತಿಂಗಳು ಗೊತ್ತಿಲ್ಲದ ಮಾದರಿಯನ್ನು ಆಗ ಅದು ಕೈಬಿಡುತ್ತದೆ. ಹಳೆಯ ಮಾದರಿ ಎಷ್ಟೋ ಸಲ ಬರೀ ಇಸವಿಯೊಂದಿಗೆ ಇರುತ್ತದೆ ಅಲ್ವಾ? ನಾನು ಈ ಎರಡೂ ಸಾಲು ಬದಲಿಸಿಯೇ ಓಡಿಸಿದೆ. ಎಷ್ಟು ಮಾದರಿ ಉಳಿದವು, ಎಷ್ಟು ಬಿದ್ದವು, ಯಾಕೆ ಬಿದ್ದವು ಅಂತ ಪರದೆ ಮೇಲೆ ಬರುತ್ತದೆ. ಅದನ್ನು ಪ್ರತಿ ಸಲವೂ ಓದಬೇಕು. ಕಮಾಂಡ್ ಲೈನ್ ನನಗೆ ಇಷ್ಟವಾಗುವುದು ಇದಕ್ಕೇ. ಏನನ್ನು ಬಿಟ್ಟಿದ್ದೇನೆ ಅಂತ ಅದು ಎದುರಿಗೇ ಹೇಳುತ್ತದೆ.

ನಿಜವಾದ ಕೆಲಸ ಇರುವುದು ಮೆಟಾಡೇಟಾ ಫೈಲಿನಲ್ಲಿ, ಅಂದ್ರೆ ಪ್ರತಿ ಮಾದರಿಯ ದಿನಾಂಕ, ಜಾಗ ಇತ್ಯಾದಿ ವಿವರದ ಪಟ್ಟಿಯಲ್ಲಿ. ನನ್ನ ಹೆಚ್ಚಿನ ಸಮಯ ಹೋದದ್ದೂ ಅಲ್ಲೇ. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಶುರುವಾಗಿ ಮೇ ತನಕ ಇರುತ್ತದೆ. ಅಂದ್ರೆ ಒಂದೇ ಸೀಸನ್ ಎರಡು ಇಸವಿಗೆ ಹರಡಿಕೊಳ್ಳುತ್ತದೆ. ಇಸವಿ ನೋಡಿ ಬಣ್ಣ ಹಚ್ಚಿದರೆ ಡಿಸೆಂಬರಿನ ರೋಗಿಯೂ ಜನವರಿಯ ರೋಗಿಯೂ ಬೇರೆ ಬೇರೆ ಆಗಿಬಿಡುತ್ತಾರೆ. ಅದಕ್ಕೆ ‘ಸೀಸನ್’ ಅಂತ ಹೊಸ ಕಾಲಮ್ ಮಾಡಿ, ತಿಂಗಳು ಗೊತ್ತಿದ್ದ ಕಡೆ 2018-19 ಅನ್ನುವ ಹಾಗೆ ತುಂಬಿದೆ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟೆ. ಊಹೆ ಮಾಡಿ ತುಂಬಲೇಬಾರದು. ದಿನಾಂಕದ ಕಾಲಮ್ಮಿನಲ್ಲಿ ಗೊತ್ತಿಲ್ಲದ ತಿಂಗಳು, ದಿನದ ಜಾಗಕ್ಕೆ ಎಕ್ಸ್-ಎಕ್ಸ್ ಹಾಕಿದರೆ ಟ್ರೀಟೈಮ್ ಆ ವರ್ಷದೊಳಗೇ ಅಂದಾಜು ಮಾಡಿಕೊಳ್ಳುತ್ತದೆ.

ಜಾಗದ ಕಾಲಮ್ ಇನ್ನೂ ಸೂಕ್ಷ್ಮ. ಶೃಂಗೇರಿ ಕಡೆ ಉಣುಗು ಕಚ್ಚಿಸಿಕೊಂಡವರು ಚಿಕಿತ್ಸೆಗೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋಗಬಹುದು. ಮಾದರಿಯ ಮೇಲೆ ಆಸ್ಪತ್ರೆಯ ಊರು ಬಿದ್ದರೆ ನಕ್ಷೆಯಲ್ಲಿ ವೈರಸ್ಸೇ ಅಲ್ಲಿಗೆ ಹೋದಂತೆ ಕಾಣುತ್ತದೆ. ಪ್ರಕಟವಾದ ಲೇಖನಗಳನ್ನು ಓದಿ, ಸೋಂಕು ತಗುಲಿದ ಜಾಗ ಸ್ಪಷ್ಟವಾಗಿದ್ದರೆ ಮಾತ್ರ ಬರೆದೆ. ಜಿಲ್ಲೆಯಿಂದ ಕೆಳಗೆ ಇಳಿಯಲಿಲ್ಲ. ಸಣ್ಣ ಊರಲ್ಲಿ ಕಾಯಿಲೆ ಬಂದದ್ದು ಒಬ್ಬರಿಗೇ ಆಗಿದ್ದರೆ, ಊರಿನ ಹೆಸರು ಹಾಕುವುದೂ ಅವರ ಹೆಸರು ಹಾಕುವುದೂ ಒಂದೇ. ಮಾದರಿ ಮನುಷ್ಯನದೋ, ಮಂಗನದೋ, ಉಣುಗಿನದೋ ಅನ್ನೋದಕ್ಕೂ ಒಂದು ಕಾಲಮ್ ಇಟ್ಟೆ.

ಒಂದು ಹಂತವನ್ನು ಪೂರ್ತಿ ತೆಗೆದುಹಾಕಿದೆ. ಅದರ ಹೆಸರು ಟ್ರೇಟ್ಸ್. ಮರದ ಕವಲುಗಳಲ್ಲಿದ್ದ ಹಿಂದಿನ ವೈರಸ್ ಯಾವ ಜಾಗದ್ದು ಅಂತ ಅದು ಲೆಕ್ಕ ಹಾಕಿ, ನಕ್ಷೆ ಮೇಲೆ ಊರಿಂದ ಊರಿಗೆ ಗೆರೆ ಎಳೆಯಲು ನೆರವಾಗುತ್ತದೆ. ನೋಡೋಕೆ ಚೆಂದ. ಆದರೆ ನಮ್ಮಲ್ಲಿ ಸೀಕ್ವೆನ್ಸ್ ಕಡಿಮೆ, ಅದೂ ಕೆಲವೇ ಕಡೆಯದ್ದು. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಈ ಕಾಯಿಲೆ ಕಾಣಿಸಿತು. ನಡುವಿನ ಕಾಡುಗಳ ಮಾದರಿಯೇ ಸಾಕಷ್ಟು ಇಲ್ಲದೆ ಗೆರೆ ಎಳೆದರೆ ಅದನ್ನು ಜನ ದಾರಿ ಅಂತ ನಂಬುತ್ತಾರೆ. ಚುಕ್ಕೆಗಳಷ್ಟೇ ಸಾಕು. ಈ ಹಂತ ತೆಗೆದಾಗ ಕೊನೆಯ ಎಕ್ಸ್‌ಪೋರ್ಟ್ ಹಂತದಲ್ಲೂ ಅದರ ಹೆಸರು ತೆಗೆಯಬೇಕು. ಚುಕ್ಕೆ ಕಾಣಲು ಜಿಲ್ಲೆಗಳ ಅಕ್ಷಾಂಶ, ರೇಖಾಂಶ ಇರುವ ಫೈಲಿಗೆ ನಮ್ಮ ಜಿಲ್ಲೆಗಳನ್ನು ಸೇರಿಸಬೇಕು. ನಡುವೆ ಸ್ಪೇಸ್ ಬೇಡ, ಟ್ಯಾಬ್ ಇರಲಿ.

ಮಳೆಗಾಲದಲ್ಲಿ ಕರೆಂಟು ಹೋಗೋದು ನಮಗೆ ಮಾಮೂಲಿ. ಬ್ಯಾಟರಿಯೂ ಮುಗಿದು ಕೆಲಸ ಅರ್ಧಕ್ಕೆ ನಿಂತರೆ ಹೆದರಬೇಕಿಲ್ಲ. ಯಾವ ಫೈಲು ಆಗಿದೆ, ಯಾವುದು ಆಗಬೇಕು ಅನ್ನೋದನ್ನು ಸ್ನೇಕ್‌ಮೇಕ್ ನೋಡಿಕೊಂಡು, ಉಳಿದ ಹಂತ ಮಾತ್ರ ಮಾಡುತ್ತದೆ. ಫೋಲ್ಡರಿಗೆ ಬೀಗ ಬಿದ್ದಿದೆ ಅಂತ ಎರರ್ ಬರಬಹುದು. ಅನ್‌ಲಾಕ್ ಅನ್ನುವ ಆಯ್ಕೆ ಕೊಟ್ಟು ಬೀಗ ತೆಗೆಯಿರಿ, ಆಮೇಲೆ ರೀರನ್-ಇನ್‌ಕಂಪ್ಲೀಟ್ ಆಯ್ಕೆ ಹಾಕಿ ಓಡಿಸಿ. ಅರ್ಧಂಬರ್ಧ ಬರೆದ ಫೈಲು ಹೊಸದಾಗಿ ತಯಾರಾಗುತ್ತದೆ. ಓಡಿಸುವ ಮುಂಚೆ ಡ್ರೈ ರನ್ ಮಾಡಿದರೆ ಯಾವ ಯಾವ ಹಂತ ನಡೆಯಲಿದೆ ಅಂತ ಪಟ್ಟಿ ಕೊಡುತ್ತದೆ. ಪಟ್ಟಿ ನಿರೀಕ್ಷೆಗಿಂತ ಉದ್ದ ಇದ್ದರೆ ನಿಂತು ನೋಡಿ.

ಕೊನೆಗೆ ಸಿಗುವುದು ಮರದ ಎಲ್ಲ ಮಾಹಿತಿ ಇರುವ ಒಂದು ಜೇಸನ್ ಫೈಲು. ವಿದ್ಯಾರ್ಥಿಗಳಿಗೆ ಅದನ್ನೇ ಕಳಿಸುತ್ತೇನೆ. ಆಸ್ಪೈಸ್ ಡಾಟ್ ಯುಎಸ್ ಪುಟ ತೆರೆದು ಫೈಲನ್ನು ಎಳೆದು ಬಿಟ್ಟರೆ ಮರವೂ ನಕ್ಷೆಯೂ ಬ್ರೌಸರಿನಲ್ಲೇ ಮೂಡುತ್ತವೆ. ಫೈಲು ಯಾವ ಸರ್ವರಿಗೂ ಹೋಗುವುದಿಲ್ಲ. ಹೊಸ ಸೀಕ್ವೆನ್ಸ್ ಜೆನ್‌ಬ್ಯಾಂಕಿಗೆ ಬಂದಾಗ ಸೀಕ್ವೆನ್ಸ್, ಮೆಟಾಡೇಟಾ ಎರಡೂ ಫೈಲಿಗೆ ಸೇರಿಸಿ, ಅದೇ ಕಮಾಂಡ್ ಮತ್ತೆ ಕೊಡುತ್ತೇನೆ.